ಎರವಲು ಕೊಟ್ಟ ಬೆನ್ನು

ಬೆಳಿಗ್ಗೆ ಹತ್ತು ಗಂಟೆಗೆ ವೈದ್ಯಕೀಯ ಕಾಲೇಜಿನ ಮೆಟ್ಟಿಲ ಮೇಲಿಂದ ಒಂದು ಬೆನ್ನು ಉರುಳಿ ಬಿದ್ದು ನಾಲ್ಕು ಚೂರಾಯಿತು. ಪ್ಲಾಸ್ಟರಿನ ಬೆನ್ನು. ಮೂವತ್ತು ವರ್ಷ ಅಂಗರಚನೆಯ ತರಗತಿಗೆ ತಪ್ಪದೆ ಹಾಜರಾಗಿದ್ದ ಬೆನ್ನು. ಅದನ್ನು ಅವುಚಿಕೊಂಡು ಇಳಿಯುತ್ತಿದ್ದ ಅಟೆಂಡರಿಗೆ ಮೂರನೇ ಮೆಟ್ಟಿಲಲ್ಲಿ ಸೀನು ಬಂತು. ಸೀನಿದ. ಕೈ ಸಡಿಲಾಯಿತು. ಅಷ್ಟೇ.

ಕೆಳಗೆ ಲೈಬ್ರರಿಯಲ್ಲಿ ಕೂತು ಹೊಸ ಪುಸ್ತಕಗಳ ಬೆನ್ನಿನ ಮೇಲೆ ನಂಬರು ಬರೆಯುತ್ತಿದ್ದ ಗುಮಾಸ್ತನಿಗೆ ಆ ಸದ್ದು ಕೇಳಿಸಿತು. ತನಗೂ ಅದಕ್ಕೂ ಸಂಬಂಧವಿಲ್ಲ ಎಂದುಕೊಂಡು ಅವನು ಪೆನ್ನನ್ನು ಮತ್ತೆ ಶಾಯಿಗೆ ಅದ್ದಿದ.

ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಕಾಲೇಜಿಗೆಲ್ಲ ಅವನು 'ಆಗಲಿ'. "ರಜಾ ದಿನ ನನ್ನ ಬದಲು ಬರ್ತೀರಾ?" ಎಂದರೆ "ಆಗಲಿ". "ಈ ಕಪಾಟು ಆ ಕಡೆ ಸರಿಸ್ತೀರಾ?" ಎಂದರೆ "ಆಗಲಿ". ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನ ಬಾಯಿಂದ 'ಆಗಲ್ಲ' ಎಂಬ ಮಾತು ಬಿದ್ದದ್ದನ್ನು ಕೇಳಿದವರಿಲ್ಲ. ಈ ಔದಾರ್ಯ ಮನೆಯ ಹೊಸ್ತಿಲ ತನಕ. ಹೊಸ್ತಿಲು ದಾಟಿದ ಮೇಲೆ ಹೆಂಡತಿ ಏನು ಕೇಳಿದರೂ ಅವನ ಉತ್ತರ "ನೋಡೋಣ". ಕೆಟ್ಟ ಮನುಷ್ಯನೇನಲ್ಲ. ಊರಿಗೆಲ್ಲ ಹಂಚಿ ಮನೆಗೆ ಬರುವ ಹೊತ್ತಿಗೆ ಒಪ್ಪಿಗೆಯ ಡಬ್ಬಿ ತಳ ಕಂಡಿರುತ್ತಿತ್ತು.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡಿದ್ದಳು. ಎಂಟು ತಿಂಗಳಿಂದ ಅವಳಿಗೆ ಸೊಂಟದಿಂದ ನಾಲ್ಕು ಬೆರಳು ಮೇಲೆ, ಬೆನ್ನುಮೂಳೆಯ ಪಕ್ಕದಲ್ಲೇ ನೋವು.

"ರೀ, ಒಂದ್ಸಲ ಡಾಕ್ಟ್ರ ಹತ್ರ ಹೋಗಿ ಬರೋಣ್ವಾ?"

"ನೋಡೋಣ."

ಹೀಗೆ ನೋಡುತ್ತ ನೋಡುತ್ತ ಎಂಟು ತಿಂಗಳು. ಕೊನೆಗೆ ಅವಳೇ ಬೆನ್ನಿನ ಡಾಕ್ಟರ ಕ್ಲಿನಿಕ್ಕಿಗೆ ಫೋನು ಮಾಡಿ, ಮೂರು ವಾರ ಕಾದು, ಒಂದು ಟೋಕನ್ ಸಂಪಾದಿಸಿದ್ದಳು. ಇವತ್ತು ಸಂಜೆ ನಾಲ್ಕೂವರೆಗೆ. ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಬಂದು ಹೇಳಿದ್ದಳು, "ನಾಲ್ಕು ಗಂಟೆಗೆ ಮನೆಗೆ ಬಂದ್ಬಿಡಿ. ಕ್ಲಿನಿಕ್ಕಲ್ಲಿ ಮೆಟ್ಟಿಲು ಜಾಸ್ತಿಯಂತೆ. ಒಬ್ರ ಕೈ ಬೇಕಾಗತ್ತೆ."

ಇಷ್ಟೇ ಅವಳು ಕೇಳಿದ್ದು. ಅವನ ಕೈ. ಬೆನ್ನನ್ನಲ್ಲ.

ಬೆನ್ನನ್ನು ಕೇಳಿಕೊಂಡು ಹತ್ತೂಕಾಲಿಗೆ ಲೈಬ್ರರಿಗೆ ಬಂದವರು ದೊಡ್ಡ ಮೇಡಂ. ಅಂಗರಚನಾ ವಿಭಾಗದ ಮುಖ್ಯಸ್ಥೆ. ಎತ್ತರ ನಾಲ್ಕೂಮುಕ್ಕಾಲು ಅಡಿ, ಧ್ವನಿ ಎರಡು ಮಹಡಿ. ಹಿಂದೆ ಅಪರಾಧಿಯ ಮುಖ ಹೊತ್ತ ಅಟೆಂಡರು.

"ಇವ್ರೇ ಮೇಡಂ ನಾನು ಹೇಳಿದ್ದು," ಎಂದ ಅಟೆಂಡರು. "ಅಂಗಿ ಬಿಚ್ಚಿದ್ರೆ ಎಲುಬು ಎಣಿಸಬಹುದು. ಕೂಡಿ ಕಳೆದು ಲೆಕ್ಕ ಮಾಡೋ ಹಾಗಿದ್ದಾರೆ."

ಮೇಡಂ ಕನ್ನಡಕ ಸರಿಮಾಡಿಕೊಂಡು, ಎಮ್ಮೆ ಕೊಳ್ಳಲು ಬಂದವರ ಹಾಗೆ ಅವನ ಸುತ್ತ ಒಂದು ಸುತ್ತು ಹಾಕಿದರು. ಅಂಗಿಯ ಮೇಲಿಂದಲೇ ಎರಡು ಬೆರಳಲ್ಲಿ ಬೆನ್ನುಮೂಳೆ ಒತ್ತಿ ನೋಡಿದರು.

"ಕೊಬ್ಬೇ ಇಲ್ಲ! ಬಹಳ ಚೆನ್ನಾಗಿದೆ. ಅರ್ಧ ಗಂಟೆ ನಿಮ್ಮ ಬೆನ್ನು ಬೇಕಿತ್ತು ರೀ. ಬೆನ್ನಿನ ಒಳಗಿನ ಸ್ನಾಯುಗಳ ಪಾಠ. ಮಾದರಿ ಇಲ್ಲದೆ ಅದನ್ನ ಹೇಳಕ್ಕಾಗಲ್ಲ, ನಾಳೆಗೆ ಹಾಕೋಣ ಅಂದ್ರೆ ನಾಳೆಯಿಂದ ನಾನು ನಿವೃತ್ತಿ. ಇದು ನನ್ನ ಕೊನೇ ಕ್ಲಾಸು."

ನಾಲ್ಕು ಗಂಟೆ, ಎಂದುಕೊಂಡ ಅವನು. ಗಡಿಯಾರ ನೋಡಿದ. ಹತ್ತೂಕಾಲು. ಅರ್ಧ ಗಂಟೆ ತಾನೆ.

"ಆಗಲಿ ಮೇಡಂ."

ಮೆಟ್ಟಿಲು ಮೆಟ್ಟಿಲಾಗಿ ಏರಿದ್ದ ಬೆಂಚುಗಳ ತುಂಬ ವಿದ್ಯಾರ್ಥಿಗಳು. ಎದುರಿಗೊಂದು ಸ್ಟೂಲು. ಅಟೆಂಡರು ಅವನ ಅಂಗಿ, ಬನಿಯನ್ನು ಬಿಚ್ಚಿಸಿಕೊಂಡು ಗೋಡೆಯ ಮೊಳೆಗೆ ತೂಗುಹಾಕಿದ. ಮೊಬೈಲು ಅಂಗಿಯ ಜೇಬಲ್ಲೇ ಉಳಿಯಿತು. ಅರ್ಧ ಗಂಟೆಗೆ ಅದನ್ನೇಕೆ ತೆಗೆಯಬೇಕು?

ಮೇಡಂ ಬಣ್ಣದ ಪೆನ್ನು ತೆಗೆದು ಅವನ ಬೆನ್ನ ಮೇಲೆ ಎಳೆದರು. ಗೆರೆ ಮೂಡಲಿಲ್ಲ. ಇನ್ನೊಂದು ಎಳೆದರು. ಅದೂ ಒಣಗಿತ್ತು. ಅವನಿಗೆ ಕಚಗುಳಿಯಾಗಿ ಸ್ಟೂಲಿನ ಮೇಲೆ ಮೀನಿನ ಹಾಗೆ ಹೊರಳಾಡಿದ. ವಿದ್ಯಾರ್ಥಿಗಳು ನಕ್ಕರು.

"ಈ ಇಲಾಖೆಯಲ್ಲಿ ಒಂದು ಪೆನ್ನಿಗೂ ಗತಿಯಿಲ್ಲ," ಎಂದು ಮೇಡಂ ಸಿಡುಕಿದರು. "ಕೊನೇ ದಿನ ಕೂಡ."

ಇಲ್ಲಿ ಅವನು ಸುಮ್ಮನಿದ್ದಿದ್ದರೆ ಅಂಗಿ ತೊಟ್ಟು ಹೊರಡಬಹುದಿತ್ತು. ಯಾರೂ ಕೇಳಿರಲಿಲ್ಲ. ಅವನೇ ಬಾಯಿ ತೆರೆದ.

"ಲೈಬ್ರರೀಲಿ ಶಾಯಿ ಇದೆ ಮೇಡಂ. ಕೆಂಪು, ಕಪ್ಪು ಎರಡೂ. ಪುಸ್ತಕದ ಬೆನ್ನಿಗೆ ಬರೆಯೋದು."

"ತಂದ್ಬಿಡಿ."

ಅಟೆಂಡರು ತಂದ. ಅದು ಎಂಥ ಶಾಯಿಯೆಂದು ಗುಮಾಸ್ತನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ನೀರು ಬಿದ್ದರೂ ಹೋಗದ, ಬಿಸಿಲಿಗೂ ಬಾಡದ, ಗೆದ್ದಲು ಕೂಡ ಮುಟ್ಟದ ಶಾಯಿ. ಪುಸ್ತಕ ಪುಡಿಯಾದರೂ ನಂಬರು ಉಳಿಯುತ್ತಿತ್ತು. ಕುಂಚ ತಣ್ಣಗೆ ಬೆನ್ನಿಗೆ ತಾಗಿದಾಗ ಅದು ಅವನಿಗೆ ನೆನಪಾಯಿತು.

"ಮೊದಲು ಹೊರಗಿನ ಸ್ನಾಯುಗಳನ್ನ ಮರೆತುಬಿಡಿ," ಎಂದು ಮೇಡಂ ಶುರುಮಾಡಿದರು. "ಅವೆಲ್ಲ ಕೈ, ಭುಜ ಆಡಿಸೋಕೆ ಅಂತ ಬೆನ್ನ ಮೇಲೆ ಬಂದು ಕೂತಿರೋ ಬಾಡಿಗೆಯವರು. ಮನೆಯ ಯಜಮಾನರು ಒಳಗಿದ್ದಾರೆ."

ಬೆನ್ನುಮೂಳೆಯ ಎರಡೂ ಪಕ್ಕ ಕುತ್ತಿಗೆಯಿಂದ ಸೊಂಟದವರೆಗೆ ಉದ್ದುದ್ದ ಕೆಂಪು ಪಟ್ಟೆಗಳು ಇಳಿದವು. ಪಕ್ಕೆಲುಬಿನ ಕಡೆ ಇಲಿಯೋಕಾಸ್ಟಾಲಿಸ್, ನಡುವೆ ಲಾಂಜಿಸಿಮಸ್, ಮೂಳೆಗೆ ಅಂಟಿಕೊಂಡು ಸ್ಪೈನಾಲಿಸ್. ಅವನಿಗೆ ಅವು ಆಸ್ತಿ ಪಾಲಾದ ಮೇಲೂ ಒಂದೇ ಮನೆಯಲ್ಲಿರುವ ಮೂವರು ಅಣ್ಣತಮ್ಮಂದಿರ ಹೆಸರಿನ ಹಾಗೆ ಕೇಳಿಸಿತು. ಕುಂಚ ಕುತ್ತಿಗೆಗೆ ಏರಿತು, ಕಿವಿಯ ಹಿಂದಕ್ಕೆ ಹೋಯಿತು, ಮತ್ತೆ ಕೆಳಗಿಳಿಯಿತು. ನಂತರ ಕಪ್ಪು ಶಾಯಿ. ಸೊಂಟದ ಮೇಲೆ, ಮೂಳೆಯ ಪಕ್ಕದಲ್ಲೇ, ಪುಟ್ಟ ಪುಟ್ಟ ಓರೆ ಗೆರೆಗಳು.

"ಇದು ಇನ್ನೂ ಆಳದ್ದು. ಮಲ್ಟಿಫಿಡಸ್. ಬೆನ್ನುಮೂಳೆಯ ಒಂದು ಮಣಿಗೂ ಮೇಲಿನ ಮಣಿಗೂ ಹೊಲಿಗೆ ಹಾಕಿದ ಹಾಗಿದೆ, ನೋಡಿ. ಇದು ಕನ್ನಡಿಯಲ್ಲಿ ಕಾಣಲ್ಲ. ಯಾರೂ ಇದನ್ನ ಹೊಗಳಲ್ಲ. ನಿಮ್ಮನ್ನ ಬೆಳಗಿಂದ ರಾತ್ರಿ ತನಕ ನೆಟ್ಟಗೆ ನಿಲ್ಲಿಸೋದೇ ಇದರ ಕೆಲಸ. ಪೆಟ್ಟಾದಾಗ ಇದು ಸೊರಗತ್ತೆ. ಸೊರಗಿದ್ದು ಎಷ್ಟೋ ಸಲ ತಾನಾಗೇ ಎದ್ದು ಬರಲ್ಲ. ಯಾರಾದ್ರೂ ಗಮನ ಕೊಟ್ಟು ಎಬ್ಬಿಸಬೇಕು. ತಡ ಮಾಡಿದಷ್ಟೂ ಕಷ್ಟ."

"ಎಷ್ಟು ತಡ ಮೇಡಂ?" ಎಂದಿತು ಬೆನ್ನು.

ಇಡೀ ತರಗತಿ ಬೆಚ್ಚಿತು. ಪ್ಲಾಸ್ಟರಿನದು ಮೂವತ್ತು ವರ್ಷದಲ್ಲಿ ಒಂದು ಸಲವೂ ಪ್ರಶ್ನೆ ಕೇಳಿರಲಿಲ್ಲ.

"ಬೆನ್ನು ಮಾತಾಡೋ ಹಾಗಿಲ್ಲ ರೀ."

"ಅಲ್ಲ ಮೇಡಂ, ಎಂಟು ತಿಂಗಳಾಗಿದ್ರೆ..."

"ನಿಮಗಾ?"

"ನನಗಲ್ಲ. ಮನೇಲಿ..."

"ಹಾಗಾದ್ರೆ ಮನೇಲಿ ಕೇಳಿ. ಈಗ ಉಸಿರು ಬಿಗಿಹಿಡೀರಿ, ಗೆರೆ ಸೊಟ್ಟಗಾಗ್ತಿದೆ."

ಉಸಿರು ಬಿಗಿಹಿಡಿದು ಕೂತ ಅವನಿಗೆ ಬೇರೆ ಕೆಲಸವಿರಲಿಲ್ಲ. ಯೋಚಿಸಿದ. ಹೋದ ತಿಂಗಳು ಹೆಂಡತಿ ಮಿಷನ್ನಿನ ಮುಂದಿಂದ ಎದ್ದವಳು ನಡುಮನೆಯಲ್ಲಿ ನೆಲದ ಮೇಲೆ ಅಂಗಾತ ಮಲಗಿ ಸೂರು ನೋಡುತ್ತಿದ್ದಳು. ಅವನು ಅವಳನ್ನು ದಾಟಿಕೊಂಡು ಹೋಗಿ ಪತ್ರಿಕೆ ತಂದುಕೊಂಡಿದ್ದ. ದಾಟುವಾಗ ಕಾಲು ತಾಗದ ಹಾಗೆ ಜಾಗ್ರತೆ ವಹಿಸಿದ್ದ. ಅಷ್ಟು ಕಾಳಜಿ ತೋರಿಸಿದ್ದು ಅವನಿಗೆ ಆಗ ಸಾಕೆನಿಸಿತ್ತು.

ಅರ್ಧ ಗಂಟೆ ಒಂದು ಗಂಟೆಯಾಯಿತು. ಪಾಠ ಮುಗಿದು ಚಪ್ಪಾಳೆ ಬಿದ್ದಾಗ ಮೇಡಂ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. ಇಷ್ಟು ಒಳ್ಳೆ ಬೆನ್ನು ಒಂದು ಬ್ಯಾಚಿಗೇ ಮುಗಿಯುವುದು ನ್ಯಾಯವಲ್ಲ ಎಂದರು. "ಊಟ ಆದ್ಮೇಲೆ ಎರಡನೇ ಬ್ಯಾಚಿಗೂ ಇರ್ತೀರಲ್ಲ?" ಆಗಲಿ. ಎರಡನೇ ಬ್ಯಾಚು ಮುಗಿಯುವ ಹೊತ್ತಿಗೆ ವ್ಯಾಯಾಮ ಚಿಕಿತ್ಸೆಯ ವಿಭಾಗದವರು ಬಂದು ಅವನನ್ನು ಎರವಲು ಕೇಳಿದರು. ಅವರಿಗೆ ಅವನು ಬಗ್ಗಿದ, ಎದ್ದ, ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ. ಜೀವನದಲ್ಲಿ ಯಾವ ಪುಸ್ತಕವೂ ಒಂದೇ ದಿನ ಇಷ್ಟು ಕೈ ಬದಲಾಯಿಸಿದ್ದನ್ನು ಅವನು ಕಂಡಿರಲಿಲ್ಲ.

ಎಲ್ಲ ಮುಗಿದು ತಲೆಯೆತ್ತಿದಾಗ ಗೋಡೆಯ ಗಡಿಯಾರ ನಾಲ್ಕಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಮೊಳೆ ಖಾಲಿ ಇತ್ತು.

"ನನ್ನ ಅಂಗಿ?"

ಅಟೆಂಡರು ತಲೆ ಕೆರೆದುಕೊಂಡ. "ಬಿಳೀದಿತ್ತಾ ಸಾರ್?"

"ಹೌದು."

"ಹಾಗಾದ್ರೆ ಒಗೆಯೋಕೆ ಹೋಯ್ತು. ಮೂರು ಗಂಟೆಗೆ ಎಲ್ಲಾ ಬಿಳೀ ಕೋಟೂ ಗಂಟು ಕಟ್ಟಿ ಕೊಟ್ಬಿಟ್ಟೆ. ಬನಿಯನ್ನೂ ಬಿಳೀದೇ ಅಲ್ವಾ?"

"ಜೇಬಲ್ಲಿ ಮೊಬೈಲು ಇತ್ತಪ್ಪಾ!"

"ಚಿಂತೆ ಮಾಡ್ಬೇಡಿ. ಬಿಸಿನೀರಿಗೆ ಹಾಕೋ ಮುಂಚೆ ಜೇಬು ನೋಡ್ತಾರೆ," ಎಂದ ಅಟೆಂಡರು. ಸ್ವಲ್ಪ ಯೋಚಿಸಿ "ಸಾಮಾನ್ಯವಾಗಿ" ಎಂದು ಸೇರಿಸಿದ.

ಉಳಿದದ್ದು ಬಾಗಿಲ ಹಿಂದೆ ನೇತಾಡುತ್ತಿದ್ದ ಒಂದೇ ಒಂದು ಡಾಕ್ಟರ ಕೋಟು. ಯಾವ ದಢೂತಿಯದೋ. ಅವನು ಅದನ್ನು ತೊಟ್ಟುಕೊಂಡು ಬಸ್ ನಿಲ್ದಾಣಕ್ಕೆ ಓಡಿದ. ಗಾಳಿಗೆ ಕೋಟು ಉಬ್ಬಿ, ಬಿದಿರುಗಳುವಿಗೆ ದಿಂಬಿನ ಚೀಲ ತೊಡಿಸಿದ ಹಾಗೆ ಕಾಣುತ್ತಿದ್ದ. ಈಗ ಮನೆಗೆ ಹೋಗಿ ಕರೆತರುವ ಹೊತ್ತಿಲ್ಲ. ತಾನು ಬಾರದ್ದು ನೋಡಿ ಅವಳು ಒಬ್ಬಳೇ ಹೊರಟಿರುತ್ತಾಳೆ. ನೇರ ಕ್ಲಿನಿಕ್ಕಿಗೆ ಹೋದರೆ ಮೆಟ್ಟಿಲ ಬುಡದಲ್ಲಾದರೂ ಸಿಕ್ಕಾಳು.

ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರು ಬಿಳಿ ಕೋಟು ಕಂಡದ್ದೇ ತಡ, "ಬನ್ನಿ ಡಾಕ್ಟ್ರೇ! ಏ, ಡಾಕ್ಟ್ರಿಗೆ ಜಾಗ ಬಿಡ್ರಪ್ಪ!" ಎಂದು ಒಬ್ಬನನ್ನು ಎಬ್ಬಿಸಿ ಕೂರಿಸಿದ. ನಾನು ಡಾಕ್ಟರಲ್ಲ ಎನ್ನಲು ಇವನು ಬಾಯಿ ತೆರೆದ. ಆದರೆ 'ಅಲ್ಲ' ಎಂಬುದೂ 'ಆಗಲ್ಲ' ಎಂಬುದರ ತಮ್ಮನೇ. ಬಾಯಿಂದ ಹೊರಡಲಿಲ್ಲ.

"ಡಾಕ್ಟ್ರೇ, ಹದಿನಾರು ವರ್ಷ ನಿಂತೇ ಸರ್ವೀಸು. ಸೊಂಟ ಹಿಡ್ಕೊಂಡ್ಬಿಟ್ಟಿದೆ. ಯಾಕಿರಬಹುದು?"

ಕೇಳಿದ್ದಕ್ಕೆ ಹೇಳದಿರುವುದು ಹೇಗೆ? ಬೆಳಗಿಂದ ಮೂರು ಸಲ ಕೇಳಿದ್ದ ಪಾಠ ನಾಲಿಗೆಯ ತುದಿಯಲ್ಲೇ ಇತ್ತು. ಬಾಡಿಗೆಯವರು, ಯಜಮಾನರು, ಮೂವರು ಅಣ್ಣತಮ್ಮಂದಿರು, ಮಣಿಗೆ ಮಣಿ ಹಾಕಿದ ಹೊಲಿಗೆ. ಒಂದು ತಪ್ಪಿಲ್ಲದೆ ಒಪ್ಪಿಸಿದ. ಕಂಡಕ್ಟರು ಟಿಕೆಟ್ ಕೊಡುವುದು ಮರೆತು ನಿಂತ. ಮುಂದಿನ ಸೀಟಿನವರು ಹಿಂದಕ್ಕೆ ತಿರುಗಿದರು. ಅಷ್ಟರಲ್ಲಿ ಬಸ್ಸು ರಸ್ತೆ ಬದಿಗೆ ಸರಿದು ನಿಂತಿತು.

"ಏನಾಯ್ತು?" ಎಂದು ಯಾರೋ ಕೂಗಿದರು.

"ಏನಿಲ್ಲ," ಎಂದ ಡ್ರೈವರು, ಸೀಟಿನಿಂದ ನಿಧಾನಕ್ಕೆ ಏಳುತ್ತ. "ಗಾಡಿ ಓಡಿಸ್ತಾ ಕೇಳಿದ್ರೆ ಅರ್ಧ ಅರ್ಧ ಕೇಳ್ಸತ್ತೆ. ನಂದೂ ಸೊಂಟಾನೇ. ಡಾಕ್ಟ್ರೇ, ಆ ಸೊರಗಿರೋ ಸ್ನಾಯುದು ಇನ್ನೊಂದ್ಸಲ ಹೇಳಿ."

"ನನ್ನ ಹೆಂಡ್ತಿ ಕಾಯ್ತಿದ್ದಾಳೆ..." ಎಂದ ಇವನು.

"ಎಲ್ರ ಹೆಂಡ್ತೀರೂ ಕಾಯ್ತಿರ್ತಾರೆ ಬಿಡಿ," ಎಂದ ಡ್ರೈವರು.

ಇನ್ನೊಂದು ಸಲ ಹೇಳಿದ. ಮಂಡಿನೋವಿನವನೊಬ್ಬ ಸರದಿಗೆ ನಿಂತ. ಕುತ್ತಿಗೆ ನೋವಿನವಳು ಅವನನ್ನು ತಳ್ಳಿ ಮುಂದೆ ಬಂದಳು. ಅವಳಿಗೆ ಉತ್ತರ ಹೇಳಲು ಇವನು ತಲೆ ಬಗ್ಗಿಸಿದ. ದಢೂತಿಯ ಕೋಟು ತಾನೆ, ಕಾಲರು ಹಿಂದಕ್ಕೆ ಜಾರಿತು. ಹಿಂದಿನ ಸೀಟಿನಲ್ಲಿ ಕೂತಿದ್ದ ಅಜ್ಜಿಯ ಕಣ್ಣಿಗೆ ಕೆಂಪು ಕೆಂಪು ಪಟ್ಟೆ ಬಿತ್ತು. ಅಜ್ಜಿ ಎರಡು ಬೆರಳಲ್ಲಿ ಕಾಲರು ಎಳೆದು ಒಳಗೆ ಇಣುಕಿದಳು.

"ಅಯ್ಯಯ್ಯೋ! ಸುಲಿದ್ಬಿಟ್ಟಿದಾರೆ! ಈಯಪ್ಪನ ಚರ್ಮಾನೇ ಸುಲಿದ್ಬಿಟ್ಟಿದಾರೆ!"

ಬಸ್ಸಿಗೆ ಬಸ್ಸೇ ಹಿಂದಕ್ಕೆ ಜಿಗಿಯಿತು. ಧೈರ್ಯಸ್ಥನಾದ ಕಂಡಕ್ಟರು ಮಾತ್ರ ಮುಂದೆ ಬಂದು ಇಣುಕಿ ನೋಡಿ, ಬಾಯಿಗೆ ಕೈ ಇಟ್ಟುಕೊಂಡ.

"ಡಾಕ್ಟ್ರಲ್ಲ ಕಣ್ರಪ್ಪ ಇವ್ರು. ರೋಗಿ. ಆಪರೇಷನ್ ಮಧ್ಯದಲ್ಲಿ ಎದ್ದು ಬಂದಿದ್ದಾರೆ!"

"ಇದು ಶಾಯಿ," ಎಂದ ಇವನು. "ಪುಸ್ತಕದ ಶಾಯಿ."

"ಪಾಪ, ನೋವಿಗೆ ಏನೇನೋ ಮಾತಾಡ್ತಿದ್ದಾರೆ," ಎಂದಳು ಅಜ್ಜಿ.

ಜನ ಒಳ್ಳೆಯವರು. ಒಬ್ಬರಾದರೂ ಬಯ್ಯಲಿಲ್ಲ. ನಾಲ್ಕು ಮಂದಿ ಸೇರಿ, ಗಾಜಿನ ಸಾಮಾನು ಇಳಿಸುವ ಹಾಗೆ ಅವನನ್ನು ಇಳಿಸಿ, ಎದುರಿಂದ ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಾಕಿ ಅದರಲ್ಲಿ ಹತ್ತಿಸಿದರು. "ಸೀಟಿಗೆ ಬೆನ್ನು ತಾಗಿಸ್ಬೇಡಿ ಸಾರ್. ಆಸ್ಪತ್ರೆ ಗೇಟಲ್ಲೇ ಇಳಿಸ್ತಾರೆ. ಆಗಬಹುದಾ?" ಎಂದ ಕಂಡಕ್ಟರು, ಕಣ್ಣಲ್ಲಿ ನೀರು ತುಂಬಿಕೊಂಡು.

ಅಷ್ಟು ಪ್ರೀತಿಯಿಂದ ಕೇಳಿದ ಮೇಲೆ ಇವನು ಇನ್ನೇನು ಹೇಳಿಯಾನು?

"ಆಗಲಿ."

ಕಾಲೇಜಿನ ಆಸ್ಪತ್ರೆಯ ಗೇಟಿನಿಂದ ಕ್ಲಿನಿಕ್ಕಿಗೆ ಅವನು ಮತ್ತೆ ಬಸ್ಸು ಹತ್ತಲಿಲ್ಲ. ನಡೆದ, ನಡುನಡುವೆ ಓಡಿದ. ತಲುಪಿದಾಗ ಆರು ಗಂಟೆ. ಕಟ್ಟಡದ ಮುಂದೆ ಕಡಿದಾದ ಹದಿನೆಂಟು ಮೆಟ್ಟಿಲು. ಕಂಬಿ ಕೂಡ ಇಲ್ಲ. ಒಂದು ಕೈ ಗೋಡೆಗೆ ಊರಿಕೊಂಡು, ಇನ್ನೊಂದು ಕೈ ಸೊಂಟಕ್ಕಿಟ್ಟುಕೊಂಡು, ಪ್ರತಿ ಮೆಟ್ಟಿಲಿಗೂ ನಿಂತು ಹಿಂದೆ ತಿರುಗಿ ರಸ್ತೆ ನೋಡುತ್ತ ಹತ್ತಿದ ಹೆಂಡತಿ ಅವನ ಕಣ್ಣಿಗೆ ಕಟ್ಟಿದಳು. ಮೇಲೆ ಶಟರು ಎಳೆದಿತ್ತು. ಒಬ್ಬ ಮುದುಕ ಕಸ ಗುಡಿಸುತ್ತಿದ್ದ.

"ಒಬ್ರು ಹೆಂಗಸು ಬಂದಿದ್ರಾ? ಸೊಂಟ ಹಿಡ್ಕೊಂಡು?"

"ಇಲ್ಲಿಗೆ ಬರೋರೆಲ್ಲ ಸೊಂಟ ಹಿಡ್ಕೊಂಡೇ ಬರ್ತಾರೆ ಸ್ವಾಮಿ," ಎಂದ ಮುದುಕ. "ನಾನೀಗ ಬಂದೆ. ಯಾರೂ ಇಲ್ಲ, ನೋಡಿದ್ರಲ್ಲ."

ಮನೆಯ ದಾರಿ ಅರ್ಧ ಗಂಟೆಯದು. ಅಷ್ಟೂ ದೂರ ಅವನು ಹೇಳಬೇಕಾದ ಮಾತನ್ನು ಕಟ್ಟಿದ, ಬಿಚ್ಚಿದ. ತಪ್ಪಾಯ್ತು ಕಣೇ ಎಂದು ಶುರುಮಾಡಿದರೆ ಅವಳು ಹೋಗಲಿ ಬಿಡಿ ಎಂದುಬಿಡುತ್ತಾಳೆ. ಅವಳು ಯಾವಾಗಲೂ ಹಾಗೆಯೇ. ಬಯ್ದಿದ್ದರೆ ಅವನಿಗೆ ಇಷ್ಟು ಹೊತ್ತಿಗೆ ಬುದ್ಧಿ ಬಂದಿರುತ್ತಿತ್ತು. ಬಿಂದಿಗೆ ಎತ್ತಿ ಕೊಡಿ ಎಂದದ್ದು, ಮೇಲಿನ ಅಟ್ಟದಿಂದ ಟ್ರಂಕು ಇಳಿಸಿ ಎಂದದ್ದು, ಇಲ್ಲೊಂಚೂರು ಒತ್ತಿ ನೋಡಿ ಎಂದು ಬೆನ್ನು ತೋರಿಸಿದ್ದು, ಒಂದೊಂದಾಗಿ ಎಲ್ಲ ನೆನಪಾಯಿತು. ಒತ್ತಲೂ ಇಲ್ಲ ಅವನು. ಲೈಬ್ರರಿಯ ಕೆಲಸಕ್ಕೆ ಬೆರಳು ನೋಯುತ್ತಿದೆ ಎಂದಿದ್ದ.

ಬಾಗಿಲು ತೆರೆದೇ ಇತ್ತು. ಹೆಂಡತಿ ಮಿಷನ್ನಿನ ಮುಂದೆ ಕೂತು ಯಾವುದೋ ಪರದೆಯ ಅಂಚು ಮಡಿಸುತ್ತಿದ್ದಳು. ತಲೆಯೆತ್ತಿ ನೋಡಿದಳು.

"ಬಂದ್ರಾ? ಇದೇನ್ರೀ ವೇಷ?"

"ತಪ್ಪಾಯ್ತು ಕಣೇ. ದೊಡ್ಡ ತಪ್ಪಾಯ್ತು. ನೀನು ಒಬ್ಬಳೇ ಅಷ್ಟು ಮೆಟ್ಟಿಲು ಹತ್ತಿ..." ಎಂದು ಶುರುಮಾಡಿದವನು ಪ್ಲಾಸ್ಟರಿನಿಂದ ಅಜ್ಜಿಯ ತನಕ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಕೊನೆಗೆ ಕೇಳಿದ, "ಡಾಕ್ಟ್ರು ಏನಂದ್ರು?"

 ಅವಳು ದಾರ ಕಚ್ಚಿ ತುಂಡುಮಾಡಿದಳು.

"ನಾನು ಹೋಗೇ ಇಲ್ಲ ರೀ. ಟೋಕನ್ನು ನಾಳೆದು."

"ನಾಳೆ?"

"ನಾಳೆ ನಾಲ್ಕೂವರೆ. ನಿಮಗೆ ಇವತ್ತು ಅಂತ ಹೇಳಿದ್ದೆ." ಅವಳ ದನಿಯಲ್ಲಿ ಕೋಪವಿರಲಿಲ್ಲ. "ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತಲ್ಲ. ಇವತ್ತು ಯಾರೋ ಏನೋ ಕೇಳ್ತಾರೆ, ನೀವು ಹೋಗ್ತೀರಿ, ಸಂಜೆ ಬಂದು ಪಶ್ಚಾತ್ತಾಪ ಪಡ್ತೀರಿ. ಪಶ್ಚಾತ್ತಾಪ ಪಟ್ಟ ಮಾರನೇ ದಿನ ನಾನು ಹೇಳಿದ ಮಾತು ಕೇಳ್ತೀರಿ. ಅದಕ್ಕೇ."

ಮನೆಯ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವ ಹಾಗೆ ಅವಳು ಗಂಡನನ್ನು ಒಂದು ದಿನ ಮುಂದಿಟ್ಟಿದ್ದಳು. ಅವನಿಗೆ ಮೊದಲು ಸಂತೋಷವಾಯಿತು. ತಪ್ಪಲಿಲ್ಲವಲ್ಲ, ನಾಳೆ ಇದೆಯಲ್ಲ! ಆ ಸಂತೋಷದ ಹಿಂದೆಯೇ ಇನ್ನೇನೋ ಬಂದು ಎದೆಯಲ್ಲಿ ಕೂತಿತು. ಅವಳು ತನ್ನನ್ನು ನಂಬಿ ಮೋಸಹೋಗಿದ್ದಾಳೆಂದು ಅವನು ಇಡೀ ಸಂಜೆ ಮರುಗಿದ್ದ. ಅವಳು ನಂಬಿಯೇ ಇರಲಿಲ್ಲ.

"ಎಲ್ಲಿ, ತೋರ್ಸಿ, ಏನು ಬರೆದಿದ್ದಾರೆ ನೋಡೋಣ," ಎಂದಳು.

ಅವನು ಕೋಟು ಇಳಿಸಿ ತಿರುಗಿ ನಿಂತ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಬೆರಳು ಸೊಂಟದ ಮೇಲೆ, ಮೂಳೆಯ ಪಕ್ಕದಲ್ಲಿ ಬಂದು ನಿಂತಿತು.

"ಇಲ್ಲೇ ರೀ ನನಗೆ ನೋಯೋದು. ಈ ಕಪ್ಪು ಗೆರೆ ಇದೆಯಲ್ಲ, ಇಲ್ಲಿ. ಏನಿದು?"

"ಮಲ್ಟಿಫಿಡಸ್."

"ಹೆಸರು ಕೇಳಿದ್ರೇನೆ ಇನ್ನೂ ಸ್ವಲ್ಪ ನೋಯತ್ತೆ," ಎಂದು ಅವಳು ನಕ್ಕಳು.

ಅವನಿಗೆ ತಡೆಯಲಾಗಲಿಲ್ಲ. ನಾಳೆಯವರೆಗೂ ಏಕೆ ಕಾಯಬೇಕು? ಇನ್ನು ಮುಂದೆ ಈ ಮನೆಯಲ್ಲಿ ಒಂದು ಸೂಜಿಯನ್ನೂ ಅವಳು ಬಗ್ಗಿ ಎತ್ತಬಾರದು. ಸುತ್ತ ನೋಡಿದ. ಮೂಲೆಯಲ್ಲಿ ಯಾವುದೋ ಹಾಸ್ಟೆಲ್ಲಿಗೆ ಹೊಲಿದು ಮುಗಿಸಿದ ಪರದೆಗಳ ಗಂಟು ಕೂತಿತ್ತು, ಆನೆಮರಿಯ ಹಾಗೆ.

"ಇದು ಒಳಗೆ ಹೋಗ್ಬೇಕಾ?"

"ಅದು ನಾಳೆ ಗಾಡಿಯವರು ಬಂದು... ರೀ, ಬೇಡ, ಭಾರ ಇದೆ. ರೀ!"

ಅವನು ಆಗಲೇ ಬಗ್ಗಿ, ಗಂಟನ್ನು ತಬ್ಬಿ, ಒಂದೇ ಸಲಕ್ಕೆ ಎತ್ತಿ ಒಳಕೋಣೆಯ ಕಡೆ ತಿರುಗಿದ್ದ. ಒಣಕಟ್ಟಿಗೆ ಮುರಿದ ಹಾಗೆ ಏನೋ ಆಯಿತು. ಗಂಟು ಬಿತ್ತು. ಅವನು ಮಾತ್ರ ಬೀಳಲಿಲ್ಲ. ಬಗ್ಗಿದಲ್ಲೇ, ಕಳೆದ ನಾಣ್ಯ ಹುಡುಕುವವನ ಹಾಗೆ, ನಿಂತುಬಿಟ್ಟ.

ಅವನ ಕೂಗಿಗೆ ಮೇಲ್ಮನೆಯಾಕೆ ಇಳಿದು ಬಂದಳು. ಆ ಬೀದಿಯಲ್ಲಿ ಯಾರ ಹಲ್ಲು ನೋವಿಗೂ ಮೊದಲು ಬಾಯಿ ತೆರೆಯುತ್ತಿದ್ದವಳು ಅವಳೇ. ಇಬ್ಬರೂ ಸೇರಿ ಅವನನ್ನು ಮಡಚಿದ ಕುರ್ಚಿಯಂತೆ ಹೊತ್ತು ಹಾಸಿಗೆಯ ಮೇಲೆ ಬೋರಲು ಹಾಕಿದರು. ಮೇಲ್ಮನೆಯಾಕೆ ಬೆನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

"ಅಲ್ಲಮ್ಮಾ, ಎಂಥಾ ಜಾಣರು ನಿಮ್ಮೆಜಮಾನ್ರು! ಎಲ್ಲೆಲ್ಲಿ ಉಜ್ಜಬೇಕು ಅಂತ ಮೊದಲೇ ಗೆರೆ ಹಾಕಿಸ್ಕೊಂಡು ಬಂದಿದ್ದಾರೆ!"

ಹೆಂಡತಿ ನೋವಿನ ಮುಲಾಮು ತಂದಳು. ಮೇಲ್ಮನೆಯಾಕೆ ಅಷ್ಟಕ್ಕೆ ಬಿಡುವವಳಲ್ಲ. ಸೊಂಟದಿಂದ ಮೊಬೈಲು ತೆಗೆದಳು. "ಆ ಬೆನ್ನಿನ ಡಾಕ್ಟ್ರ ಕ್ಲಿನಿಕ್ಕಲ್ಲಿ ಟೋಕನ್ ಬರೆಯೋಳು ನನ್ನ ನಾದಿನಿ ಮಗಳು. ಇರಿ, ಕೇಳ್ತೀನಿ." ಕೇಳಿದಳು. ಹೊಸ ಟೋಕನ್ನು ಮೂರು ವಾರದ ತನಕ ಇರಲಿಲ್ಲ. ಆದರೆ ನಾಳೆ ನಾಲ್ಕೂವರೆಗೆ ಇದೇ ಮನೆಯವರದೊಂದು ಇದೆಯಲ್ಲ, ಅದರಲ್ಲಿ ಹೆಸರು ಬದಲಾಯಿಸಿದರಾಯಿತು.

"ಬೇಡ!" ಎಂದ ಅವನು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಹೊಟ್ಟೆಯಾಳದಿಂದ. "ಬೇಡ! ಅದು ಅವಳ್ದು! ಆಗಲ್ಲ!"

ಮುಖ ದಿಂಬಿನಲ್ಲಿ ಹೂತಿದ್ದರಿಂದ ಅದು ಹೊ ಹೊ ಎಂದಷ್ಟೇ ಕೇಳಿಸಿತು.

"ಪಾಪ, ಹೇಗೆ ನರಳ್ತಿದ್ದಾರೆ ನೋಡಿ," ಎಂದಳು ಮೇಲ್ಮನೆಯಾಕೆ. ಫೋನಿಗೆ, "ಹೂಂ ಕಣೇ, ಬದಲಾಯಿಸ್ಬಿಡು," ಎಂದಳು.

"ಬದಲಾಯಿಸ್ಲಿ ಬಿಡಿ," ಎಂದಳು ಹೆಂಡತಿ, ಮುಲಾಮಿನ ಮುಚ್ಚಳ ತಿರುಗಿಸುತ್ತ. "ನಂದು ಎಂಟು ತಿಂಗಳು ತಡ್ಕೊಂಡಿದೆ. ಇನ್ನು ಮೂರು ವಾರ ತಾನೆ."

ಮೇಲ್ಮನೆಯಾಕೆ ಇನ್ನೂ ಏಳೆಂಟು ಸಲಹೆ ಕೊಟ್ಟು ಹೋದಳು. ಹೆಂಡತಿ ಹಾಸಿಗೆಯ ಅಂಚಿನಲ್ಲಿ ಬಗ್ಗಿ ಕೂತು ಅರ್ಧ ಗಂಟೆ ಉಜ್ಜಿದಳು. ಕೆಂಪು ಗೆರೆ ಮುಗಿಸಿ ಕಪ್ಪು ಗೆರೆಗೆ ಬಂದಳು. ಅವಳ ಕೈ ಎಲ್ಲೂ ಅವಸರ ಮಾಡಲಿಲ್ಲ. ಅವನು ಏನೋ ಹೇಳಲು ಹೋದಾಗ "ಸುಮ್ನೆ ಮಲಗಿ" ಎಂದಳು.

ಆಮೇಲೆ ಎದ್ದಳು. ಮೊದಲು ಮಂಚದ ಅಂಚು ಹಿಡಿದ ಸದ್ದು, ನಂತರ ಗೋಡೆಗೆ ಅಂಗೈ ಊರಿದ ಸದ್ದು. ಅವೆರಡರ ನಡುವೆ ಹಲ್ಲು ಕಚ್ಚಿ ಹಿಡಿದ ಒಂದು ಸಣ್ಣ ಉಸಿರು. ಎಂಟು ತಿಂಗಳಿಂದ ದಿನಕ್ಕೆ ಹತ್ತು ಸಲ ಈ ಮನೆಯಲ್ಲಿ ಆಗುತ್ತಿದ್ದಿರಬೇಕು ಅದು. ಅವನಿಗೆ ಕೇಳಿಸಿದ್ದು ಈಗ.

ತಿರುಗಿ ಅವಳ ಮುಖ ನೋಡಬೇಕೆಂದುಕೊಂಡ. ಬೆನ್ನು ಬಿಡಲಿಲ್ಲ.